ಬುಡ್ತು ಅನ್ನು

ಹಂಗಳ

ನಮ್ಮೂರಲ್ಲಿ ನನ್ನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. 'ನಮ್ ಸಿದ್ದರಾಜ ಮೈಸೂರಲ್ಲಿ ಆಸ್ಪತ್ರೇಲಿ ಪಂಪು ಓಡುಸ್ತಾನ' ಎಂದು ಅಕ್ಕ ಒಮ್ಮೆ ಯಾರಿಗೋ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಹಂಗಳಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು, ಬೋರ್‌ವೆಲ್ ಮೋಟರು ಕೆಟ್ಟು ಕೂತಿದೆ, ಒಂದು ಗಳಿಗೆ ಬಂದು ನೋಡು ಎನ್ನುತ್ತಾರೆ. ನನ್ನದು ಹಾರ್ಟ್ ಲಂಗ್ ಮಿಷನ್ನು. ಎದೆ ತೆರೆದು ಆಪರೇಷನ್ ಮಾಡುವಾಗ ಡಾಕ್ಟರು ಹೃದಯವನ್ನು ನಿಲ್ಲಿಸುತ್ತಾರೆ. ಅಷ್ಟು ಹೊತ್ತು ಮೈಯ ರಕ್ತ ಕೊಳವೆಗಳಲ್ಲಿ ಹೊರಗೆ ಬಂದು, ಮಿಷನ್ನಿನಲ್ಲಿ ಆಮ್ಲಜನಕ ತುಂಬಿಕೊಂಡು, ಮತ್ತೆ ಮೈಯೊಳಗೆ ಹೋಗಬೇಕು. ಅದನ್ನು ಓಡಿಸುವವನು ನಾನು. ಆ ಹೊತ್ತಿಗೆ ರೋಗಿಯ ಹೃದಯವೂ ನಾನೇ, ಶ್ವಾಸಕೋಶವೂ ನಾನೇ. ಇಷ್ಟೆಲ್ಲ ಬಿಡಿಸಿ ಹೇಳಿದರೂ, 'ಅಂದ್ರ ಮೋಟ್ರೇ ಕಣ್ಲಾ, ಬಾ ನೋಡು' ಎನ್ನುತ್ತಾರೆ. ಹೋಗಿ ಸ್ಟಾರ್ಟರು ಬಿಚ್ಚಿ ನೋಡಿ ಬಂದದ್ದೂ ಉಂಟು.

ನಮ್ಮ ಆಸ್ಪತ್ರೆಯವರು ನನ್ನನ್ನು ಜಪಾನಿಗೆ ತರಬೇತಿಗೆ ಕಳಿಸುತ್ತಾರೆ ಎಂದಾಗ ಅಕ್ಕನಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಕಾರಣ ಪವಿತ್ರ. ಅಕ್ಕನ ಒಬ್ಬಳೇ ಮಗಳು. ಸಣ್ಣವಳಿದ್ದಾಗ ಗಂಟಲು ನೋವು ಎಂದು ಶುರುವಾದದ್ದು ಕೀಲುಗಳಿಗೆ ಇಳಿದು, ಕೊನೆಗೆ ಹೃದಯದ ಒಂದು ಕವಾಟವನ್ನೇ ತಿಂದುಹಾಕಿತ್ತು. ಗುಂಡ್ಲುಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಲೇ ಡಿಗ್ರಿ ಮುಗಿಸಿದ್ದಳು. ಈಗ ನೀರಿನ ಕೊಡ ಎತ್ತಿದರೂ ಏದುಸಿರು. ಹೊಸ ಕವಾಟ ಹಾಕಲೇಬೇಕು ಎಂದು ಡಾಕ್ಟರು ಹೇಳಿದ್ದರು. ನಾನು ಜಪಾನಿನಿಂದ ಬಂದ ಮೇಲೆ ಎಂದು ಗೊತ್ತುಮಾಡಿದ್ದೆವು. ಮಿಷನ್ನಿನ ಮುಂದೆ ನಾನೇ ಕೂತಿರುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆ.

"ನೀನಿಲ್ದೆ ಅವಳ್ನ ಆ ಟೇಬಲ್ ಮ್ಯಾಲ ಮಲಗ್ಸಾಕಿಲ್ಲ ಕಣ್ಲಾ," ಎಂದಳು ಅಕ್ಕ.

ಹೊರಡುವ ಮುಂಚೆ ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಹೊರಗೆ ಚೆಂಡುಹೂವಿನ ಕೊಯ್ಲು ಜೋರಾಗಿ ನಡೆದಿತ್ತು; ಮನೆಯೊಳಗೂ ಅದೇ ವಾಸನೆ. ಭಾವ ಅರಣ್ಯ ಇಲಾಖೆಯಲ್ಲಿ ವಾಚರ್, ಬಂಡೀಪುರದ ಕ್ಯಾಂಪಿನಲ್ಲಿದ್ದರು. ಅಕ್ಕನ ಮುಖ ಗಂಟು ಹಾಕಿಕೊಂಡಿದ್ದನ್ನು ಬಿಡಿಸಲು, "ಇಮಾನ ಬಿದ್ದೋದ್ರ ಏನ್ ಮಾಡೀಯಕ್ಕ?" ಎಂದೆ.

ಅಕ್ಕ ಸೌಟು ಹಿಡಿದವಳು ಹಾಗೇ ನಿಂತಳು. "ಬುಡ್ತು ಅನ್ನು."

"ತಮಾಸೆಗ ಅಂದೆ ಕಣಕ್ಕ."

"ಬುಡ್ತು ಅನ್ಲಾ ಮೊದ್ಲು."

ಅವಳು ಸಾರು ಬಡಿಸಲೇ ಇಲ್ಲ. ಕೆಟ್ಟ ಮಾತು ಬಾಯಿಂದ ಬಿದ್ದರೆ ಅದು ನಡೆದೇಬಿಡುತ್ತದೆ. ಆಡಿದವನೇ ತಕ್ಷಣ 'ಬುಡ್ತು' ಎಂದು ಅದನ್ನು ಬಿಡಿಸಿಕೊಳ್ಳಬೇಕು. ಅವ್ವ ಅಕ್ಕನಿಗೆ ಕಲಿಸಿದ್ದು, ಅಕ್ಕ ನನಗೆ ಕಲಿಸಿದ್ದು. ಬುಡ್ತು ಎಂದೆ. ಸಾರು ಬಿತ್ತು.

ಪವಿತ್ರ ಗೋಡೆಗೆ ಒರಗಿ ಕೂತು ನಗುತ್ತಿದ್ದಳು. ಅಕ್ಕನಿಗೆ ಓದು ಬರದು, ಭಾವನಿಗೂ ಅಷ್ಟೇ. ಪೇಪರಿನಿಂದ ಹಿಡಿದು ರೇಷನ್ ಅಂಗಡಿಯ ಬೋರ್ಡಿನವರೆಗೆ ಎಲ್ಲವನ್ನೂ ಓದಿ ಹೇಳುವವಳು ಮಗಳೇ. "ಮಾವ, ಬಂದ್ಮೇಲೆ ಎಲ್ಲಾನೂ ಬರಿ," ಎಂದಳು. "ಏನ್ ತಿಂದೆ, ಎಲ್ಲೆಲ್ಲಿ ದಾರಿ ತಪ್ದೆ, ಎಲ್ಲಾ. ಅವ್ವಂಗೆ ನಾನು ಓದಿ ಹೇಳ್ತೀನಿ. ಸುಳ್ಳು ಬರೀಬ್ಯಾಡ."

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಗೋಯಾ

ಜಪಾನ್ ಎಂದರೆ ತಂಪು ದೇಶ ಎಂದುಕೊಂಡು ಅಕ್ಕ ಕೊಟ್ಟ ಸ್ವೆಟರು ಹೊತ್ತುಕೊಂಡು ಹೋಗಿದ್ದೆ. ನಗೋಯಾ ಊರಲ್ಲಿ ಇಳಿದರೆ ಹಬೆಯಲ್ಲಿ ಬೇಯಿಸಿದ ಹಾಗೆ ಸೆಕೆ. ಮರಮರಗಳಲ್ಲೂ ಜೀರುಂಡೆಗಳು ಕಿವಿ ತೂತಾಗುವಂತೆ ಅರಚುತ್ತಿದ್ದವು. ಮನುಷ್ಯರು ಮಾತ್ರ ಗಪ್‌ಚಿಪ್. ರೈಲಿನಲ್ಲಿ ಅಷ್ಟು ಜನ ಒತ್ತಿಕೊಂಡು ನಿಂತಿದ್ದರೂ ಒಬ್ಬರ ಬಾಯಿಂದಲೂ ಸೊಲ್ಲಿಲ್ಲ. ನಮ್ಮ ಗುಂಡ್ಲುಪೇಟೆ ಬಸ್ಸಿನಲ್ಲಾದರೆ ಹಂಗಳ ಮುಟ್ಟುವಷ್ಟರಲ್ಲಿ ಪಕ್ಕದವನ ಸೊಸೆಯ ಗುಣ ಗೊತ್ತಾಗಿರುತ್ತದೆ. ನನಗೆ ಫೋನ್ ಬಂದಾಗ ನಾನು ನಮ್ಮೂರ ಗಂಟಲಲ್ಲಿ "ಹಲೋ" ಎಂದೆ. ಇಡೀ ಬೋಗಿ ನೆಲ ನೋಡಿತು. ನನ್ನ ಪರವಾಗಿ ಅವರೇ ನಾಚಿಕೊಂಡರು ಎಂದು ಕಾಣುತ್ತದೆ.

ತರಬೇತಿ ಕೇಂದ್ರ ಒಂದು ಆಸ್ಪತ್ರೆಗೆ ಅಂಟಿಕೊಂಡಿತ್ತು. ಉಳಿಯುವುದೂ ಅಲ್ಲೇ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಎಂದಾಗ ಮನೆಗೆ ಬಂದಷ್ಟು ಖುಷಿಯಾಯಿತು. ಆದರೆ ಅವರಲ್ಲಿ ಒಳಗೆ ಓಡಾಡಲು ಒಂದು ಚಪ್ಪಲಿ, ಕಕ್ಕಸಿಗೆ ಬೇರೆ ಚಪ್ಪಲಿ. ಮೊದಲ ಬೆಳಿಗ್ಗೆ ಕಕ್ಕಸಿನ ಚಪ್ಪಲಿ ಮೆಟ್ಟಿಕೊಂಡೇ ನೇರ ತಿಂಡಿಯ ಹಾಲ್‌ಗೆ ನಡೆದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬಾಕೆ ಬಂದು, ತಲೆಬಾಗಿ, ನನ್ನ ಕಾಲ ಬಳಿ ಬೇರೆ ಜೊತೆ ಇಟ್ಟು, ಆ ಜೊತೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋದಳು. ಬೈದಿದ್ದರೆ ಮೇಲಿತ್ತು.

ತಿಂಡಿಯ ತಟ್ಟೆಯಲ್ಲಿ ಬಿಸಿ ಪದಾರ್ಥದ ಮೇಲೆ ಕಾಗದದಂಥ ಮೀನಿನ ಎಳೆಗಳು ಕುಣಿಯುತ್ತಿದ್ದವು. ಮೀನು ತಿನ್ನುವವನೇ ನಾನು, ಆದರೆ ಅಲ್ಲಾಡುವುದನ್ನು ತಿನ್ನುವ ಅಭ್ಯಾಸವಿಲ್ಲ. ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿ ಬರೀ ಅನ್ನಕ್ಕೆ ಕಲಸಿಕೊಂಡೆ.

ನನ್ನ ಕೋಣೆಯ ಪಕ್ಕದ್ದು ಮೂರನೇ ನಂಬರು, ನನ್ನದು ಐದು. ನಾಲ್ಕು ಎಲ್ಲಿದೆ ಎಂದು ಹುಡುಕಿದೆ, ಇರಲಿಲ್ಲ. ಆಮೇಲೆ ಗೊತ್ತಾಯಿತು, ಜಪಾನಿ ಭಾಷೆಯಲ್ಲಿ ನಾಲ್ಕು ಎಂದರೂ ಸಾವು ಎಂದರೂ ಕಿವಿಗೆ ಒಂದೇ ತೆರನಾಗಿ ಕೇಳುತ್ತದಂತೆ. ಆಸ್ಪತ್ರೆಯವರು ಆ ನಂಬರನ್ನೇ ಬಿಟ್ಟುಬಿಡುತ್ತಾರಂತೆ. ಇವರೂ ನಮ್ಮಕ್ಕನ ಕಡೆಯವರೇ ಎಂದುಕೊಂಡು ಆ ದಿನ ನೆಮ್ಮದಿಯಿಂದ ಮಲಗಿದೆ.

ಗಾಜಿನ ಕೋಣೆ

ಬೇರೆ ಬೇರೆ ದೇಶಗಳಿಂದ ಬಂದಿದ್ದ ನಮಗೆ ಕಲಿಸುವವರು ಮೊರಿತಾ ಸಾನ್. ಸಾನ್ ಎಂದರೆ ನಾವು 'ಅವರು' ಎಂದ ಹಾಗೆ. ನರೆತ ಕೂದಲು ಮೋಟಾಗಿ ಕತ್ತರಿಸಿಕೊಂಡ, ನನ್ನ ಭುಜಕ್ಕೂ ಬಾರದ ಹೆಂಗಸು. ಆಯಸ್ಸೆಲ್ಲ ಈ ಮಿಷನ್ನಿನ ಮುಂದೆಯೇ ಕಳೆದವರು. ನಿಧಾನವಾಗಿ, ಒಂದೊಂದೇ ಪದ ಇಟ್ಟು ಇಂಗ್ಲಿಷ್ ಮಾತಾಡುತ್ತಿದ್ದರು. ಅದರಿಂದ ನನಗೂ ಅನುಕೂಲವಾಯಿತು.

ತರಬೇತಿಯ ಕೋಣೆ ನಿಜವಾದ ಆಪರೇಷನ್ ಥಿಯೇಟರೇ. ದೀಪ, ಹಸಿರು ಬಟ್ಟೆ, ಮಿಷನ್ನು ಎಲ್ಲ ಅಸಲಿ. ಟೇಬಲ್ ಮೇಲಿನ ರೋಗಿ ಮಾತ್ರ ಪ್ಲಾಸ್ಟಿಕ್. ಕೊಳವೆಗಳಲ್ಲಿ ಓಡುವುದು ಕೆಂಪು ಬಣ್ಣದ ನೀರು. ಒಂದು ಗೋಡೆ ಪೂರ್ತಿ ಗಾಜು. ಅದರ ಹಿಂದೆ ಕೂತು ಅವರು ಒಂದು ಗುಂಡಿ ಒತ್ತಿದರೆ ನಮ್ಮ ರೋಗಿಯ ಬಿಪಿ ಬೀಳುತ್ತದೆ, ಇನ್ನೊಂದು ಒತ್ತಿದರೆ ಮಿಷನ್ನು ಕೆಡುತ್ತದೆ. ನಾವು ಉಳಿಸಬೇಕು. ಜೀವ ಇರುವವರ ಮೇಲೆ ಇದನ್ನೆಲ್ಲ ಕಲಿಯಬಾರದು ಎಂಬುದು ಅದರ ಉದ್ದೇಶ. ನಾನು ಕಲಿತದ್ದೆಲ್ಲ ಜೀವ ಇರುವವರ ಮೇಲೆಯೇ.

ಶುರುಮಾಡುವ ಮುಂಚೆ ಮೊರಿತಾ ಸಾನ್ ಪ್ಲಾಸ್ಟಿಕ್ ರೋಗಿಗೆ ತಲೆಬಾಗಿ ನಮಸ್ಕಾರ ಮಾಡಿದರು. ಆಮೇಲೆ ಕೈಯೆತ್ತಿ ಒಂದೊಂದೇ ಬೆರಳು ಮಡಚುತ್ತ, ಈ ರೋಗಿ ಇವತ್ತು ಯಾವ್ಯಾವ ರೀತಿಯಲ್ಲಿ ಸಾಯಬಹುದು ಎಂದು ಗಟ್ಟಿಯಾಗಿ ಹೇಳಿದರು. ಕೊಳವೆಯಲ್ಲಿ ಗಾಳಿ ಹೋಗಿ. ಮಿಷನ್ನಿನೊಳಗೆ ರಕ್ತ ಗಡ್ಡೆ ಕಟ್ಟಿ. ಕರೆಂಟ್ ಹೋಗಿ. ಪೈಪು ಕಳಚಿಕೊಂಡು. ಇವೆಲ್ಲ ದಾಟಿದ ಮೇಲೂ, ಪಂಪು ನಿಲ್ಲಿಸಿದಾಗ ಹೃದಯ ತನ್ನ ಕೆಲಸ ಹಿಡಿಯದೆ. ಒಂದು ಕೈಯ ಬೆರಳೆಲ್ಲ ಮುಗಿದವು. ಅವರು ಹೆಬ್ಬೆರಳಿಂದ ಮಡಚಲು ಶುರುಮಾಡುತ್ತಾರೆ. ನಾವು ಎಣಿಸುವುದು ಕಿರುಬೆರಳಿಂದ.

"ಹೇಳಿದರೆ ಅದಕ್ಕೆ ಬೇಕಾದದ್ದು ಕೋಣೆಗೆ ಬರುತ್ತದೆ," ಎಂದರು. ಕೊನೆಯದಕ್ಕೆ ಏನು ಬೇಕು ಎಂದೂ ತೋರಿಸಿದರು. ಮೂಲೆಯಲ್ಲಿ ಒಂದು ಎಕ್ಮೋ ಮಿಷನ್ನು ತಯಾರಾಗಿ ನಿಂತಿತ್ತು. ಸೋತ ಹೃದಯದ ಕೆಲಸವನ್ನು ಎಷ್ಟೋ ದಿನ ಮಾಡಬಲ್ಲ ಸಣ್ಣ ಪಂಪು ಅದು. "ದುರ್ಬಲ ಹೃದಯ ಎಂದು ಗೊತ್ತಿದ್ದರೆ ಹಿಂದಿನ ದಿನವೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ಹುಡುಕಿದರೆ ಸಿಗುವುದಿಲ್ಲ."

ಒಬ್ಬೊಬ್ಬರೂ ಹೀಗೇ ಹೇಳಬೇಕಿತ್ತು. ವಿಯೆಟ್ನಾಮಿನಿಂದ ಬಂದಿದ್ದ ಹೆಣ್ಣುಮಗಳು ಪಟಪಟನೆ ಹೇಳಿ ಮುಗಿಸಿದಳು. ನನ್ನ ಸರದಿ ಬಂದಾಗ ನನ್ನ ಬಾಯಿಂದ ಬಂದದ್ದು, "ದೇವರ ದಯದಿಂದ ಎಲ್ಲ ಚೆನ್ನಾಗಿ ಆಗುತ್ತದೆ."

ಉಳಿದವರು ಮೊರಿತಾ ಸಾನ್ ಮುಖ ನೋಡಿದರು. ನನಗೆ ತಪ್ಪೇನೆಂದೇ ತಿಳಿಯಲಿಲ್ಲ. ನಮ್ಮ ಥಿಯೇಟರಿನಲ್ಲಿ ಆಯುಧಪೂಜೆಯ ಕುಂಕುಮ ವರ್ಷವಿಡೀ ಮಿಷನ್ನಿನ ಮೂಲೆಯಲ್ಲಿ ಇರುತ್ತದೆ. ಅದರ ಮುಂದೆ ನಿಂತು 'ಈಯಮ್ಮ ಗಾಳಿ ಹೋಗಿ ಸಾಯಬಹುದು' ಎಂದರೆ ಸಿಸ್ಟರು ಮೊದಲು ನನ್ನನ್ನು ಆಚೆ ಅಟ್ಟುತ್ತಾರೆ. ಏನಾದರೂ ಎಡವಟ್ಟಾದರೆ ನಾವು "ಸರ್, ಒಂದ್ನಿಮಿಷ" ಎನ್ನುತ್ತೇವೆ. ಸರ್‌ಗೆ ಆ ದನಿಯಿಂದಲೇ ಅರ್ಥವಾಗಬೇಕು.

ಮೊರಿತಾ ಸಾನ್ ಗಾಜಿನ ಹಿಂದೆ ಹೋದರು. ಪಂಪು ಶುರುವಾಯಿತು. ಸ್ವಲ್ಪ ಹೊತ್ತಿಗೆ ನನ್ನ ರಕ್ತದ ತೊಟ್ಟಿಯ ಮಟ್ಟ ಸರಸರನೆ ಇಳಿಯಿತು, ಕೊಳವೆಯಲ್ಲಿ ಗುಳ್ಳೆ ಕಂಡಿತು. ಪಂಪು ನಿಲ್ಲಿಸಿದೆ, ಕ್ಲಾಂಪು ಹಾಕಿ ಕೊಳವೆ ಮುಚ್ಚಿದೆ, ಕೈಗಳು ಅವುಗಳ ಪಾಡಿಗೆ ಸರಿಯಾಗಿಯೇ ಓಡಿದವು. "ಸರ್, ಒಂದ್ನಿಮಿಷ," ಎಂದೆ. ಸರ್ಜನ್ನಿನ ವೇಷದಲ್ಲಿದ್ದ ಕೇಂದ್ರದವನು ಏನೂ ತಿಳಿಯದೆ ಹೊಲಿಯುತ್ತಲೇ ಇದ್ದ. ಮಾನಿಟರಿನ ಗೆರೆ ಮಲಗಿತು.

ಮೊರಿತಾ ಸಾನ್ ಹೊರಗೆ ಬಂದು ರೋಗಿಗೆ ಮತ್ತೆ ತಲೆಬಾಗಿದರು. "ಸಿದ್ದರಾಜು ಸಾನ್, ನಿಮ್ಮ ರೋಗಿ ತೀರಿಕೊಂಡರು," ಎಂದರು. ಕೆಂಪು ನೀರು ತಾನೆ ಎಂದು ನಗಲು ನೋಡಿದೆ, ಆಗಲಿಲ್ಲ.

ಮಾರನೆಯ ದಿನ ಕರೆಂಟ್ ತೆಗೆದರು. ಕತ್ತಲಾಗುತ್ತಲೇ ಉಳಿದವರು ಗಾಬರಿಬಿದ್ದು ಗುಂಡಿ ಹುಡುಕುತ್ತಿದ್ದರೆ ನಾನು ಆಗಲೇ ಹಿಡಿಕೆ ಸಿಕ್ಕಿಸಿ ಕೈಯಲ್ಲೇ ಪಂಪು ತಿರುಗಿಸುತ್ತಿದ್ದೆ. ಕರೆಂಟ್ ಹೋಗುವುದು ನನಗೇನು ಹೊಸದೇ? ಇದರಲ್ಲಿ ಗೆದ್ದೆ ಎಂದುಕೊಂಡೆ. ದೀಪ ಬಂದ ಮೇಲೆ ಮೊರಿತಾ ಸಾನ್ ವಿಡಿಯೋ ಹಾಕಿ ತೋರಿಸಿದರು. ಅದರಲ್ಲಿ ನಾನು ಬೆವರು ಸುರಿಸಿಕೊಂಡು ತಿರುಗಿಸುತ್ತಿದ್ದೇನೆ, ತುಟಿ ಅಲ್ಲಾಡುತ್ತಿದೆ, ಸದ್ದೇ ಇಲ್ಲ. ಕರೆಂಟ್ ಹೋಯಿತು ಎಂದು ಯಾರಿಗೂ ಹೇಳಿಲ್ಲ, ಕೈಯಲ್ಲಿ ತಿರುಗಿಸುತ್ತಿದ್ದೇನೆ ಎಂದೂ ಹೇಳಿಲ್ಲ. ಮಾದಪ್ಪನನ್ನು ನೆನೆಯುತ್ತಿದ್ದೆ, ಅಷ್ಟೇ. ಅದರಲ್ಲೂ ಫೇಲು.

ಸ್ಟೇಷನ್

ಸಂಜೆ ಮೊರಿತಾ ಸಾನ್ ನನ್ನನ್ನು ಊರಿನ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಊಟಕ್ಕೇನೋ ಎಂದುಕೊಂಡಿದ್ದೆ. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಲ್ಲಿಸಿ ರೈಲು ಓಡಿಸುವವನನ್ನು ನೋಡಿ ಎಂದರು. ಬಿಳಿ ಗ್ಲೌಸ್ ಹಾಕಿದ್ದ ಆತ ಹೊರಡುವ ಮುಂಚೆ ಸಿಗ್ನಲಿನ ಕಡೆ ಬೆರಳು ತೋರಿಸಿ ಏನೋ ಗಟ್ಟಿಯಾಗಿ ಕೂಗಿದ. ಗಡಿಯಾರ ತೋರಿಸಿ ಕೂಗಿದ. ಒಳಗೆ ಅವನೊಬ್ಬನೇ, ಕೇಳುವವರು ಯಾರೂ ಇಲ್ಲ. ನಮ್ಮ ಡ್ರೈವರೊಬ್ಬ ಹೀಗೆ ಒಬ್ಬನೇ ಕೂಗಾಡಿದರೆ ನಾವು ಬಸ್ಸಿಳಿದುಬಿಡುತ್ತೇವೆ.

"ಕಣ್ಣಿಗೆ ಕಂಡದ್ದು ಬಾಯಿಗೆ ಬರದಿದ್ದರೆ ಕಂಡ ಹಾಗಲ್ಲ," ಎಂದರು ಮೊರಿತಾ ಸಾನ್.

ನನಗೆ ರೇಗಿತು. ಪ್ಲಾಸ್ಟಿಕ್ ಗೊಂಬೆಯ ಮುಂದೆ ಅವಮಾನವಾದ ಸಿಟ್ಟು ಒಳಗೆ ಇದ್ದೇ ಇತ್ತು. "ನೀವು ಸಾವಿನ ಹೆಸರು ಕೇಳಿಸುತ್ತದೆ ಅಂತ ನಾಲ್ಕನೇ ನಂಬರನ್ನೇ ನುಂಗಿಹಾಕಿದ್ದೀರಿ," ಎಂದೆ. "ನನಗೆ ಮಾತ್ರ ಯಾಕೆ ಅದನ್ನು ಹೇಳು ಹೇಳು ಅಂತೀರಿ?"

ಅವರು ಸಿಟ್ಟಾಗಲಿಲ್ಲ. "ವಾರ್ಡಿನ ಕೋಣೆಯಲ್ಲಿ ರೋಗಿ ಎಚ್ಚರವಾಗಿ ಮಲಗಿರುತ್ತಾರೆ. ನಂಬರು ಬಿಟ್ಟಿರುವುದು ಅವರ ಭಯಕ್ಕೆ. ಥಿಯೇಟರಿನಲ್ಲಿ ಅವರಿಗೆ ಎಚ್ಚರ ಇರುವುದಿಲ್ಲ. ಅಲ್ಲಿ ನೀವು ಯಾರ ಭಯಕ್ಕೆ ಬಾಯಿ ಮುಚ್ಚಿಕೊಳ್ಳುತ್ತೀರಿ?"

ಪವಿತ್ರನ ವಿಷಯ ಅವರಿಗೆ ಹೇಳಿದೆ. ಹಿಂತಿರುಗಿದ ಮೇಲೆ ಅವಳ ಮಿಷನ್ನು ನಾನೇ ಓಡಿಸಬೇಕು ಎಂದೆ. ಅವರು ಅವಳ ವಯಸ್ಸು ಕೇಳಿದರು, ಹೃದಯ ಎಷ್ಟು ಸೋತಿದೆ ಎಂದು ಕೇಳಿದರು. ಹೇಳಿದೆ. "ಹಾಗಾದರೆ ನೀವು ಬೇಗ ಕಲಿಯಬೇಕು," ಎಂದರು.

ಆಮೇಲೆ ಕಲಿತೆ. ಬಾತ್‌ರೂಮಿನಲ್ಲಿ, ರಸ್ತೆಯಲ್ಲಿ, ಕೋಣೆಯಲ್ಲಿ, ಬೆರಳು ಮಡಚಿ ಹೇಳಿದೆ. ಪ್ರತಿ ಸಲವೂ ಕೊನೆಗೆ ಬಾಯಿ ತಂತಾನೇ 'ಬುಡ್ತು' ಎನ್ನುತ್ತಿತ್ತು. ಅದನ್ನು ನಿಲ್ಲಿಸಲು ಆಗಲಿಲ್ಲ.

ಸೇತುವೆ

ನಗೋಯಾದ ಒಂದು ಕಾಲುವೆಯ ಸೇತುವೆ ಮೇಲೆ ನಿಂತಿದ್ದಾಗ ಇಮ್ತಿಯಾಜನ ಫೋನು ಬಂತು. ಇಮ್ತಿಯಾಜ್ ಗುಂಡ್ಲುಪೇಟೆ ಪೇಟೆಬೀದಿಯವನು, ನಮ್ಮ ಆಸ್ಪತ್ರೆಯಲ್ಲಿ ನನ್ನ ನಂತರ ಮಿಷನ್ನು ಓಡಿಸುವವನು. ಕೈ ಚುರುಕು. ನಾನೇ ಕಲಿಸಿದವನು.

"ಅಣ್ಣ, ಪವಿತ್ರನ್ನ ಕರ್ಕಂಡು ಬಂದವ್ರೆ," ಎಂದ. "ಲಂಗ್ಸಲ್ಲಿ ನೀರು ತುಂಬ್ಕಂಡದೆ. ಮಲಗಾಕ್ಕೇ ಆಯ್ತಿಲ್ಲ ಅವಳ್ಗೆ. ಡಾಕ್ಟ್ರು ಕಾಯಂಗಿಲ್ಲ ಅಂತವ್ರೆ. ನಾಳೆ ಬೆಳಿಗ್ಗೆನೇ ಆಪರೇಷನ್."

ನಾನು ಸೇತುವೆಯ ಕಂಬಿ ಹಿಡಿದುಕೊಂಡೆ. ಇವತ್ತೇ ಹೊರಟರೂ ಮುಟ್ಟುವ ದಾರಿಯಲ್ಲ. "ನೀನು ಕೂತ್ಕೋ ಮಿಷನ್ನಿಗೆ," ಎಂದೆ.

"ಅಣ್ಣ, ನಂಗೆ ಭಯ ಆಯ್ತದೆ. ನಿಮ್ ಮನೆ ಮಗು."

"ಭಯ ಬೇಡ. ಬರ್ಕೋ. ನಾಳೆ ಶುರು ಮಾಡೋಕ್ ಮುಂಚೆ ಎಲ್ಲರ ಮುಂದೆ ಇದನ್ನ ಗಟ್ಟಿಯಾಗಿ ಹೇಳ್ಬೇಕು. ಯಾರು ಏನಂದ್ರೂ ಸರಿ."

ಅವನು ಬರೆದುಕೊಳ್ಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದ. ಅದು ನನಗೆ ಗೊತ್ತಿರಲಿಲ್ಲ. ಅವನು ವಾರ್ಡಿನ ಹೊರಗೆ ಅಕ್ಕನ ಪಕ್ಕದಲ್ಲೇ ಕೂತಿದ್ದಾನೆ ಎಂಬುದೂ ಗೊತ್ತಿರಲಿಲ್ಲ. ನಾನು ನಮ್ಮ ಲೆಕ್ಕದಲ್ಲಿ ಕಿರುಬೆರಳಿಂದ ಮಡಚುತ್ತ ಬಂದೆ. "ಒಂದು, ಲೈನಲ್ಲಿ ಗಾಳಿ ಹೋಗಿ ಪವಿತ್ರ ಸಾಯ್ಬೋದು. ಎರಡು, ಮಿಷನ್ನಲ್ಲಿ ರಕ್ತ ಗಡ್ಡೆ ಕಟ್ಟಿ ಸಾಯ್ಬೋದು. ಇನ್ನೊಂದು ಸೆಟ್ ಕೈಗೆ ಸಿಗೋ ಹಾಗೆ ಇಟ್ಕೋ. ಮೂರು, ಕರೆಂಟು. ಹಿಡಿಕೆ ಪಕ್ಕದಲ್ಲೇ ಇರ್ಲಿ. ನಾಕು, ಪೈಪು ಕಳಚ್ಕೊಂಡು..."

"ಏನ್ಲಾ ಬೊಗುಳ್ತಿದ್ದೀಯ?"

ಅಕ್ಕನ ದನಿ. ಅಷ್ಟು ದೂರದಿಂದಲೂ ಅವಳ ಉಸಿರು ಕೇಳುತ್ತಿತ್ತು. "ನನ್ ಮಗಳು ಸಾಯ್ತಾಳ ಅಂತ ಯೋಳಾಕ ಆ ದೇಸ್ಕ ಓಗಿದ್ಯಾ ನೀನು? ಬುಡ್ತು ಅನ್ನು."

"ಅಕ್ಕ, ಅದು ಕೆಲಸದ ಮಾತು..."

"ಬುಡ್ತು ಅನ್ಲಾ. ನನ್ ಮ್ಯಾಲ ಆಣೆ."

"ಬುಡ್ತು ಕಣಕ್ಕ," ಎಂದೆ. "ಬುಡ್ತು."

ಅವಳು ಅಳುವುದು ಕೇಳಿಸಿತು. ಇಮ್ತಿಯಾಜ್ ಸ್ಪೀಕರ್ ತೆಗೆದು, "ಅಷ್ಟೇನಾ ಅಣ್ಣ? ಎಲ್ಲಾ ಬರ್ಕಂಡಿದೀನಿ," ಎಂದ. ನನ್ನ ಹೆಬ್ಬೆರಳು ಹಾಗೇ ನಿಂತಿತ್ತು.

"ಅಷ್ಟೇ," ಎಂದೆ.

ಮತ್ತೆ ಫೋನ್ ಮಾಡಿ ಹೇಳಬಹುದಿತ್ತು. ಸೇತುವೆಯ ಆ ತುದಿಗೂ ಈ ತುದಿಗೂ ನಡೆದೆ, ಫೋನ್ ಕೈಯಲ್ಲೇ ಇತ್ತು. ಡಾಕ್ಟರಿಗೆ ಗೊತ್ತೇ ಇರುತ್ತದೆ ಎಂದುಕೊಂಡೆ. ಇಮ್ತಿಯಾಜನಿಗೂ ಗೊತ್ತು ಎಂದುಕೊಂಡೆ. ಆದರೆ ನಿಜ ಅದಲ್ಲ. ಪವಿತ್ರನ ಹೃದಯ ಮತ್ತೆ ಬಡಿಯದಿರಬಹುದು ಎಂಬ ಮಾತನ್ನು ನನ್ನ ಬಾಯಿಂದ ಆಡಿಸಲು ನನಗೇ ಆಗಲಿಲ್ಲ. ಅಕ್ಕನ ಆಣೆ ಇತ್ತು. ಅದಕ್ಕಿಂತ ಹೆಚ್ಚಾಗಿ ನನಗೇ ಹೆದರಿಕೆ ಇತ್ತು.

ಕೊನೆಯ ಪರೀಕ್ಷೆ

ನಮ್ಮಲ್ಲಿ ಬೆಳಗಾದಾಗ ಅಲ್ಲಿ ಊಟದ ಹೊತ್ತು ಹತ್ತಿರವಾಗಿರುತ್ತದೆ. ಮೈಸೂರಿನಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋಗುವ ಹೊತ್ತಿಗೇ ನನ್ನ ಕೊನೆಯ ಪರೀಕ್ಷೆ. ಮೊರಿತಾ ಸಾನ್, ಬೇಕಾದರೆ ಹೊರಗಿರಿ ಎಂದರು. ಕೈ ಕಟ್ಟಿ ಕೂರಲು ನನಗಾಗುತ್ತಿರಲಿಲ್ಲ, ಒಳಗೆ ಹೋದೆ.

ಮೊದಲ ದಿನದ್ದೇ ಕೊಟ್ಟರು. ತೊಟ್ಟಿಯ ಮಟ್ಟ ಇಳಿಯಿತು, ಗುಳ್ಳೆ ಕಂಡಿತು. ನಾನು ಕೊಳವೆಯ ಕಡೆ ಬೆರಳು ತೋರಿಸಿ ಕೂಗಿದೆ. "ಲೈನಲ್ಲಿ ಗಾಳಿ ಅದ! ಪಂಪ್ ನಿಲ್ಸಿದೀನಿ! ಕ್ಲಾಂಪ್ ಹಾಕಿದೀನಿ! ತಲೆ ಕೆಳಗೆ ಮಾಡಿ!" ಬಂದದ್ದೆಲ್ಲ ಹಂಗಳದ ಕನ್ನಡ. ಅಲ್ಲಿ ಒಬ್ಬರಿಗೂ ಒಂದು ಪದವೂ ಗೊತ್ತಿಲ್ಲ. ಆದರೂ ಸರ್ಜನ್ ವೇಷದವನ ಕೈ ತಕ್ಷಣ ನಿಂತಿತು, ಟೇಬಲ್ಲು ತಲೆಯ ಕಡೆ ಕೆಳಕ್ಕೆ ಬಾಗಿತು, ಯಾರೋ ಓಡಿದರು. ಸ್ವಲ್ಪ ಹೊತ್ತಿಗೆ ಮಾನಿಟರಿನ ಗೆರೆ ಎದ್ದು ಕೂತಿತು.

ನನ್ನ ಪ್ಲಾಸ್ಟಿಕ್ ರೋಗಿ ಮೊದಲನೇ ಸಲ ಬದುಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಯೆಟ್ನಾಮಿನ ಹೆಣ್ಣುಮಗಳ ಕಣ್ಣಲ್ಲಿ ನೀರಿತ್ತು. ಮೊರಿತಾ ಸಾನ್ ಈ ಸಲ ನನಗೆ ತಲೆಬಾಗಿದರು. ನನಗೂ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸಂಜೆ ಕೋಣೆಗೆ ಬಂದು ಫೋನ್ ನೋಡಿದರೆ ಇಮ್ತಿಯಾಜನ ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್. ಅಷ್ಟು ಕಾಲ್ ನೋಡಿದಾಗಲೇ ಗೊತ್ತಾಯಿತು. ಒಳ್ಳೆಯ ಸುದ್ದಿಗೆ ಯಾರೂ ಅಷ್ಟು ಸಲ ಮಾಡುವುದಿಲ್ಲ.

"ಹೋಗ್ಬುಟ್ಳು ಅಣ್ಣ," ಎಂದ.

ನಾನು ನೆಲದ ಮೇಲೆ ಕೂತೆ. ಅವನು ಅಳುತ್ತಲೇ ಹೇಳಿದ. ಅವನು ಎಲ್ಲರ ಮುಂದೆ ಬೆರಳು ಮಡಚಿ ನಾಲ್ಕನ್ನೂ ಹೇಳಿದ್ದ. ಸಿಸ್ಟರು ಕಿವಿ ಮುಚ್ಚಿಕೊಂಡಿದ್ದರು, ಆದರೂ ಹೇಳಿದ್ದ. ಗಾಳಿ ಹೋಗಲಿಲ್ಲ, ಗಡ್ಡೆ ಕಟ್ಟಲಿಲ್ಲ. ನಡುವೆ ಒಂದು ಪೈಪಿನ ಕಟ್ಟು ಸಡಿಲವಾಗಿದ್ದನ್ನು ಕಂಡು ಕೂಗಿ ಹೇಳಿ ಸರಿಮಾಡಿದ್ದ. ಹೊಸ ಕವಾಟ ಚೆನ್ನಾಗಿಯೇ ಕೂತಿತ್ತು. ಕೊನೆಗೆ ಪಂಪು ಇಳಿಸಿದಾಗ ಅವಳ ಹೃದಯ ಕೆಲಸ ಹಿಡಿಯಲಿಲ್ಲ. 

"ಎಕ್ಮೋ?" ಎಂದೆ.

"ಇರೋದೊಂದೇ ಅಲ್ವಾ ಅಣ್ಣ, ಐಸಿಯುನಲ್ಲಿ ಬೇರೆಯವ್ರಿಗೆ ಹಾಕಿತ್ತು. ಇನ್ನೊಂದ್ ಆಸ್ಪತ್ರೆಗೆ ಫೋನ್ ಮಾಡಿ ತರ್ಸುದ್ರು. ಬರೋ ಹೊತ್ಗೆ..." ಎಂದು ನಿಲ್ಲಿಸಿದ. ಆಮೇಲೆ, "ಮೊದ್ಲೇ ಇದ್ದಿದ್ರೂ ಕಷ್ಟ ಇತ್ತಂತೆ ಅಣ್ಣ. ಡಾಕ್ಟ್ರೇ ಅಂದ್ರು," ಎಂದ.

ಇದ್ದಿರಬಹುದು. ಅವಳ ಹೃದಯ ಸೋತಿದೆ ಎಂಬುದು ಡಾಕ್ಟರಿಗೂ ಮೊದಲೇ ಗೊತ್ತಿದ್ದ ವಿಷಯವೇ. ನಮ್ಮಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ, ಹೇಳುವವರಿರುವುದಿಲ್ಲ. ಹಿಂದಿನ ದಿನ ಸೇತುವೆ ಮೇಲೆ ನಿಂತು ನಾನು ಇನ್ನೊಂದು ಮಾತು ಆಡಿದ್ದರೆ ಆ ಮಿಷನ್ನನ್ನು ಬೆಳಗಾಗುವುದರೊಳಗೆ ತರಿಸಿ ಮೂಲೆಯಲ್ಲಿ ನಿಲ್ಲಿಸಿರುತ್ತಿದ್ದರು.

ಮೊರಿತಾ ಸಾನ್‌ಗೆ ಹೇಳಿದೆ. ಅವರು ಬಹಳ ಹೊತ್ತು ಪಕ್ಕದಲ್ಲಿ ಕೂತಿದ್ದರು. ವಿಮಾನ ನಿಲ್ದಾಣದವರೆಗೂ ಬಂದರು. ಎಷ್ಟನ್ನು ಹೇಳಿದಿರಿ ಎಂದು ಅವರು ಕೇಳಲಿಲ್ಲ. ಕೇಳದೆ ಬಿಟ್ಟದ್ದಕ್ಕೆ ನಾನು ಅವರಿಗೆ ಋಣಿ.

ಮತ್ತೆ ಹಂಗಳ

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಹಂಗಳಕ್ಕೆ ಬಂದಾಗ ಮಣ್ಣು ಮಾಡಿ ಆಗಿತ್ತು. ಹೊಲಗಳಲ್ಲಿ ಚೆಂಡುಹೂ ಇನ್ನೂ ಕೊಯ್ಯುತ್ತಿದ್ದರು. ಭಾವ ಕಾಡಿನ ಖಾಕಿ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತಿದ್ದರು. ಅಕ್ಕ ನನ್ನನ್ನು ನೋಡಿ ಒಳಗೆ ಹೋದಳು. ಹಾಲು ತುಪ್ಪಕ್ಕೂ ಮಾತಾಡಲಿಲ್ಲ, ತಿಥಿಗೂ ಮಾತಾಡಲಿಲ್ಲ. ಬಂದ ನೆಂಟರು ಮಾತ್ರ ನನಗೆ ಕೇಳಿಸುವ ಹಾಗೆ, 'ಅಲ್ಲಿಂದ್ಲೇ ಬಾಯ್ ಬುಟ್ಟು ಯೋಳ್ಬುಟ್ನಂತ ಕಣ, ಸಾಯ್ತಾಳ ಅಂತ' ಎಂದು ಆಡಿಕೊಂಡರು. ಅವರ ಲೆಕ್ಕದಲ್ಲಿ ಪವಿತ್ರನನ್ನು ಕೊಂದದ್ದು ನನ್ನ ಬಾಯಿ.

ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅಕ್ಕ ಬಂದು ಜಗಲಿಯ ಆ ತುದಿಯಲ್ಲಿ ಕೂತಳು. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿತ್ತು. ಅವಳು ಅದನ್ನೇ ನೋಡುತ್ತ ಕೇಳಿದಳು.

"ಅವತ್ತು ಪೋನಲ್ಲಿ ಅಂದ್ಯಲ್ಲ, ಗಾಳಿ, ಗಡ್ಡೆ, ಕರೆಂಟು, ಪೈಪು ಅಂತ. ಅದ್ರಲ್ಲಿ ಯಾವ್ದಾಯ್ತು ಅವಳ್ಗ?"

"ಯಾವ್ದೂ ಆಗ್ನಿಲ್ಲ ಕಣಕ್ಕ. ಇಮ್ತಿಯಾಜು ಒಂದ್ನೂ ಆಗಾಕ ಬುಡ್ನಿಲ್ಲ."

"ಮತ್ತ?"

"ಪಂಪು ನಿಲ್ಸುದ್ ಮ್ಯಾಲ ಅವಳ ಹಾರ್ಟು ಕೆಲ್ಸ ಹಿಡೀನಿಲ್ಲ."

ಇಷ್ಟು ದಿನ ಅಕ್ಕನೂ ನನ್ನ ಬಾಯನ್ನೇ ಶಪಿಸುತ್ತಿದ್ದಳು ಎಂದು ಕಾಣುತ್ತದೆ. ಈಗ ಆ ಲೆಕ್ಕ ಸರಿಹೋಗಲಿಲ್ಲ.

"ಅಂಗೂ ಆಯ್ತದ ಅಂತ ನಿಂಗ ಗೊತ್ತಿರ್ನಿಲ್ವಾ?"

"ಗೊತ್ತಿತ್ತು."

"ಯೋಳಿದ್ರ ಏನಾರ ಮಾಡ್ಬೋದಿತ್ತಾ?"

"ಒಂದ್ ಮಿಷನ್ನು ತರ್ಸಿ ಇಟ್ಕಬೋದಿತ್ತು."

"ಮತ್ತ ಅದ್ನೊಂದ ಯಾಕ ಯೋಳ್ನಿಲ್ಲ ನೀನು?"

ಅವಳು ನನ್ನ ಮುಖ ನೋಡಿದಳು. ಊರಿಗೆ ಬಂದಂದಿನಿಂದ ಅವಳು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಅವಳಿಗೆ ನೆನಪಿರಲಿಲ್ಲ. ನಾನು ಮಾತು ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ, ಯಾವುದೂ ಅವಳ ತಲೆಯಲ್ಲಿ ಉಳಿದಿರಲಿಲ್ಲ. ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು.

"ಮರ್ತೋಯ್ತು ಕಣಕ್ಕ," ಎಂದೆ.

"ಮರ್ತೋಯ್ತಾ," ಎಂದಳು. "ಅಷ್ಟ್ ದೂರ ಓಗಿ ಕಲ್ತ್ಕಂಡು ಬಂದೋನು, ನನ್ ಮಗಳ ಇಸ್ಯ ಮರ್ತ್ಬುಟ್ಯಾ." ಎದ್ದು ಒಳಗೆ ಹೋದಳು. ಆಮೇಲೆ ನನ್ನ ಜೊತೆ ಆ ಮಾತು ಎತ್ತಿಲ್ಲ. ಹೋದರೆ ಊಟಕ್ಕೆ ಬಡಿಸುತ್ತಾಳೆ. ಬತ್ತೀನಿ ಎಂದರೆ ಹೂಂ ಎನ್ನುವುದಿಲ್ಲ.

ಈಗ ನಮ್ಮ ಥಿಯೇಟರಿನಲ್ಲಿ ಪಂಪು ಶುರುವಾಗುವ ಮುಂಚೆ ನಾನು ಬೆರಳು ಮಡಚಿ ಎಲ್ಲವನ್ನೂ ಹೇಳುತ್ತೇನೆ. ಹೆಬ್ಬೆರಳಿಂದಲೇ ಶುರುಮಾಡುತ್ತೇನೆ, ಆ ಕೊನೆಯದೇ ಮೊದಲು. ಇಮ್ತಿಯಾಜ್ ತಲೆತಗ್ಗಿಸಿ ಕೇಳುತ್ತಾನೆ. ಅವತ್ತು ಫೋನ್ ಹಿಡಿದಿದ್ದವನು ಅವನು. ನಾನು ಮರೆತಿರಲಿಲ್ಲ ಎಂದು ಅವನಿಗೆ ಗೊತ್ತು. ಅವನೂ ಅಕ್ಕನ ಮುಂದೆ ಬಾಯಿ ಬಿಟ್ಟಿಲ್ಲ.

ಎಲ್ಲವನ್ನೂ ಬರಿ, ಸುಳ್ಳು ಬರೀಬೇಡ ಎಂದಿದ್ದಳು ಪವಿತ್ರ. ಬರೆದಿದ್ದೇನೆ. ಅಕ್ಕನಿಗೆ ಇದು ಗೊತ್ತಾಗುವ ಭಯವಿಲ್ಲ. ಆ ಮನೆಯಲ್ಲಿ ಅವಳಿಗೆ ಓದಿ ಹೇಳುವವರು ಈಗ ಯಾರೂ ಇಲ್ಲ.